ಎಲೆನಿ ಅಜ್ಜಿಯ ತತ್ತಿ-ನಿಂಬಿ ಸಾರು

ಹಸಿವಿ ಇರಲಿಲ್ಲ ಅಂತಲ್ಲ ಅಕಿ ಉಣ್ಣಾಕ ಒಲ್ಲೆ ಅಂದಿದ್ದು, ಅದು ನಂಗ ಆಮ್ಯಾಲೆ ತಿಳೀತು. ಯಾರು ಅಂತೀಯಾ ಆರ್ಯಾ, ಎಲೆನಿ ಅಜ್ಜಿ, ಗ್ರೀಕ್ ಮಂದಿ, ನಾ ಈ ದೇಶಕ್ಕ ಬಂದು ಮೊದಲು ಕೆಲಸ ಹಿಡದಿದ್ದು ಅವರ ಮನ್ಯಾಗ, ರಿಚ್ಮಂಡ್ ಹಿಲ್ಲಿನಾಗ. ಯಂಗ್ ಸ್ಟ್ರೀಟಿನಾಗ ಬಸ್ಸಿಳದು ಬರ್ಫದಾಗ ಕಾಲು ಜಾರಿಸಿಕೋತ ಒಳಗ ನಡೀಬೇಕು. ನಿಮ್ಮಪ್ಪ ಆಗ ಸಣ್ಣಾಂವ, ಸಾಲಿಗೆ ಹೋಗ್ತಿದ್ದ. ನಿಮ್ಮ ಅಜ್ಜಾರು ವೇರ್‌ಹೌಸಿನಾಗ ಪೆಟ್ಟಿಗಿ ಎತ್ತಾಕ ಹೋಗಿ ಬೆನ್ನು ಹಿಡಕೊಂಡು, ನಾವಿದ್ದ ಬೇಸ್‌ಮೆಂಟಿನಾಗ ಮಲಗಿಬಿಟ್ಟಿದ್ರು, ಹೊಳ್ಳಾಕೂ ಬರ್ತಿರಲಿಲ್ಲ. ಧಾರವಾಡದಾಗ ನಾ ಒಂದು ದಿನ ಹೊರಗ ದುಡದಾಕಿ ಅಲ್ಲ. ಇಲ್ಲೆ ಆ ಮುದುಕಿ ನೋಡಿಕೊಳ್ಳೂ ಕೆಲಸ ಸಿಕ್ತು, ಹೋದೆ, ಹೋಗದ ಏನ್ ಮಾಡ್ಲಿ.

ಅಕಿಗೆ ಸ್ಟ್ರೋಕ್ ಆಗಿತ್ತು ನೋಡು, ಒಂದು ಕೈ, ಒಂದು ಕಾಲು ಸತ್ತಂಗ. ಬಲಗೈ... ಅಲ್ಲಲ್ಲ, ಎಡಗೈ, ಬಲಗೈಲೇ ಅಲ್ಲೇನು ಆಮ್ಯಾಲೆ ನನ್ನ ಹಿಡಕೊಂಡಿದ್ದು, ಹೌದು, ಎಡಗೈ ಹೋಗಿತ್ತು. ಅಷ್ಟ ಅಲ್ಲ, ಇಷ್ಟು ವರ್ಷ ಮಾತಾಡಿದ ಇಂಗ್ಲಿಷೂ ಹೋಗಿಬಿಟ್ಟಿತ್ತು, ಬರೇ ಗ್ರೀಕ್ ಉಳದಿತ್ತು. ಮಗಳು ಸೋಫಿಯಾ ನ್ಯೂಮಾರ್ಕೆಟ್ಟಿನಾಗ ಆಫೀಸಿಗೆ ಹೋಗಾಕಿ, ಒಬ್ಬಾಕೀನ ಮಗಳು. ಅಕಿ ಪ್ಯಾಕೆಟ್ಟಿನ ಊಟ ತಂದಿಡಾಕಿ, ನಾ ಬಿಸಿ ಮಾಡಿ ಬಾಯಿಗೆ ಒಯ್ದ್ರ ಅಜ್ಜಿ ಗದ್ದ ಮ್ಯಾಲೆತ್ತಾಕಿ. ಅವರೊಳಗ ಬ್ಯಾಡ ಅಂದ್ರ ಹಂಗ, ಗದ್ದ ಮ್ಯಾಲೆ. ದಿನಾ ಗದ್ದ ಮ್ಯಾಲೆ. ಅಂಗಿಯೊಳಗ ಮೈ ಕರಗಿ ಕರಗಿ ಎಲುವು ಕಾಣಾಕ ಹತ್ತಿದ್ವು.

ಒಂದು ಗುರುವಾರ ಮುಂಜಾನೆ ಸೋಫಿಯಾ ಕೋಟ್ ಹಾಕ್ಕೋತ ಹೇಳಿದ್ಲು, "ಶೈಲಾ, ನಾಳೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಅದ. ಹಿಂಗ ತಿನ್ನದ ಇದ್ರ ಹೊಟ್ಟಿಗೆ ಟ್ಯೂಬ್ ಹಾಕೂದು, ಆಮ್ಯಾಲೆ ನರ್ಸಿಂಗ್ ಹೋಮು. ನನ್ನ ಕೈಲೆ ಇನ್ನ ಆಗೂದಿಲ್ಲ."

ನಂಗ ಎದಿ ಧಸಕ್ ಅಂತು. ಕೆಲಸ ಹೋಗ್ತದ ಅಂತ ಒಂದು, ಆದ್ರ ಅಜ್ಜಿ ನಮ್ಮಿಬ್ಬರ ಮುಖಾ ನೋಡ್ಲಿಕತ್ತಿದ್ಲು ನೋಡು, ಅಕಿಗೆ ಎಲ್ಲಾ ತಿಳೀತಿತ್ತು. ನಾ ಕೇಳಿದೆ, "ದಿನಾ ಅವ್ಗೊಲೆಮೊನೊ, ಅವ್ಗೊಲೆಮೊನೊ ಅಂತಾಳಲ್ಲ, ಏನದು?" ಸೋಫಿಯಾ ನಿಂತ್ಲು. "ಅದು ಸೂಪು. ಕೋಳಿ ಸಾರಿನಾಗ ಅನ್ನ ಮೆತ್ತಗ ಬೇಯಿಸಿ ತತ್ತಿ, ನಿಂಬಿಹಣ್ಣು ಕೂಡಿಸೂದು. ನಂಗ ಬರೂದಿಲ್ಲ, ಅಮ್ಮ ಎಂದೂ ಒಲಿ ಬಿಟ್ಟುಕೊಡಲಿಲ್ಲ. ಸಾರು ಡಬ್ಬಿದು ಅದ. ಆದ್ರ ನೀನು ವೆಜಿಟೇರಿಯನ್, ನಿಂಗ ಹ್ಯಾಂಗ ಹೇಳ್ಲಿ?"

"ನಾ ಮಾಡ್ತೇನಿ, ನೀ ಹೋಗು" ಅಂದೆ.

ಅಂದೆ ಖರೆ, ಆದ್ರ ನಾ ಹುಟ್ಟಿದಾಗಿಂದ ತತ್ತಿ ಮುಟ್ಟಿದಾಕಿ ಅಲ್ಲ. ನಮ್ಮವ್ವ ತತ್ತಿ ಮಾರಾವ್ರು ಓಣ್ಯಾಗ ಬಂದ್ರ ಬಾಗಲಾ ಮುಚ್ಚಾಕಿ. ಡಬ್ಬಿ ಕೋಳಿಸಾರು ಮೂಗು ಮುಚ್ಚಿ ಸುರದು, ಅಕ್ಕಿ ಹಾಕಿ ಕುದಿಯಾಕ ಇಟ್ಟೆ. ತತ್ತಿ ಫ್ರಿಜ್ಜಿನಾಗ ನಾಕು ಇದ್ವು. ಎರಡು ತಗೊಂಡೆ, ಒಡದೆ, ಆ ಲೋಳಿ ಬೆರಳಿಗೆ ಹತ್ತಿದ ಕೂಡ್ಲೆ ನಳದ ಕೆಳಗ ಕೈ ಹಿಡದೆ. ಗಡಬಡಿಸಿ ನಿಂಬಿರಸ ಹಿಂಡಿ ಕುದಿಯೂ ಸಾರಿಗೆ ಸುರದುಬಿಟ್ಟೆ. ಏನಾತಂತೀ, ಹಾಲು ಒಡದಂಗ ಎಲ್ಲಾ ಗಂಟು ಗಂಟು. ಅಜ್ಜಿ ವಾಸನಿ ಹಿಡದು ಆಸೆಲೇ ನೋಡಿದ್ಲು, ಬಟ್ಟಲ ಕಂಡಳು, ಗದ್ದ ಎತ್ತಲಿಲ್ಲ ಈ ಸಲ, ಕಣ್ಣು ಮುಚ್ಚಿಕೊಂಡ್ಲು. ಕಣ್ಣಾಗ ನೀರು.

ಏನಂದಿ ಆರ್ಯಾ? "ವಾಸ್ ಶೀ ಮ್ಯಾಡ್?" ಸಿಟ್ಟಲ್ಲೋ, ಸಿಟ್ಟಾಗಿದ್ರ ಛಲೋ ಇತ್ತು.

ಉಳದಿದ್ದು ಎರಡ ತತ್ತಿ, ಒಂದ ಡಬ್ಬಿ ಸಾರು. ಹೊರಗ ಹಿಮ ಬೀಳ್ಲಿಕತ್ತಿತ್ತು, ಅಂಗಡಿಗೆ ಹೋಗೂಣಂದ್ರ ಅಕಿನ್ನ ಒಬ್ಬಾಕಿನ್ನ ಬಿಡೂಹಂಗಿಲ್ಲ, ಸೋಫಿಯಾಗ ಫೋನ್ ಮಾಡಿದ್ರ ಎತ್ತವಲ್ಲಳು. ಆ ಸಾರಿನಾಗ ಅಕ್ಕಿ ಹಾಕಿ ಮತ್ತ ಒಲಿಗೆ ಇಟ್ಟು ಸಿಂಕಿನ ಮುಂದ ನಿಂತಿದ್ದೆ, ಹಿಂದಿಂದ ಟಕ್ ಟಕ್ ಸಪ್ಪಳ, ನೋಡಿದ್ರ ಅಜ್ಜಿ ಬಲಗೈಲೇ ಗಾಲಿ ಕುರ್ಚಿ ಬಡಿತಾಳ, ಒಲಿ ಕಡೆ ಬಟ್ಟು ಮಾಡ್ತಾಳ. ಒಯ್ದು ಒಲಿ ಮಗ್ಗಲ ನಿಲ್ಲಿಸಿದೆ. ಮೊದಲ ಬೆಂಕಿ ಆರಿಸು ಅಂದ್ಲು ಕೈಲೆ. ಆರಿಸಿದೆ. ತತ್ತಿ ಕಡಿ ಅಂದ್ಲು, ಕಡದೆ, ಇನ್ನೂ ಕಡಿ, ರಟ್ಟಿ ನೋಯೂತನಕ ಕಡದೆ, ಬುರುಗು ಬಂತು, ನಿಂಬಿರಸ ಹಾಕಿದೆ. ಆಮ್ಯಾಲೆ ನಾ ಅದನ್ನ ಮತ್ತ ಸಾರಿಗೆ ಸುರೀಬೇಕು ಅನ್ನೂದ್ರಾಗ ಗಪ್ ಅಂತ ನನ್ನ ಮಣಿಕಟ್ಟು ಹಿಡದ್ಲು. ಅಬ್ಬಾ ಏನ್ ಹಿಡತ. ಅದಲ್ಲ, ಅದಲ್ಲ. ಸಾರನ್ನ ಸೌಟಿಲೆ ತತ್ತಿಗೆ ಹಾಕಬೇಕು, ತತ್ತಿನ್ನ ಸಾರಿಗಲ್ಲ. "ಸಿಗಾ, ಸಿಗಾ" ಅಂತಾಳ, ಸಾವಕಾಶ ಅಂತ. ನನ್ನ ಮಣಿಕಟ್ಟು ಅಕಿ ಕೈಯಾಗ, ಸೌಟಿನ ತುದಿಯಿಂದ ಎಳಿ ಎಳಿಯಾಗಿ ಬಿಸಿಸಾರು ಇಳೀತದ, ಇನ್ನೊಂದು ಕೈಲೆ ನಾ ಕಡೀಲಿಕತ್ತೇನಿ. ಈಗ ಒಡೀತದ, ಈಗ ಒಡೀತದ. ಒಡೀಲಿಲ್ಲ. ಬೆಣ್ಣಿಯಂಗ ಹಳದಿ ಆತು, ಗಟ್ಟಿ ಆತು. ಆಗ ಅಕಿ ಕೈ ಬಿಟ್ಲು.

ಉಪ್ಪು ನೋಡೂಹಂಗಿಲ್ಲ ನಾ. ಸಣ್ಣ ಚಮಚಾದಾಗ ಅಕಿ ಬಾಯಿಗೆ ಒಯ್ದೆ. ಬಾಯಾಗ ಹಿಡಕೊಂಡ್ಲು, ನುಂಗವಲ್ಲಳು. ಆಮ್ಯಾಲೆ ಕೆಮ್ಮು ಬಂತು, ಮುಖಾ ಕೆಂಪಗಾತು, ನಾ ಚಮಚಾ ಒಗದು ಎದಿ ಹಿಡದು ಮುಂದ ಬಗ್ಗಿಸಿದೆ, ಶಿವನೇ, ಇದೇನ್ ಮಾಡಿಕೊಂಡೆ ಅಂತ. ಕೆಮ್ಮು ನಿಂತಿತು. ಗಂಟಲು ಒಮ್ಮೆ ಮ್ಯಾಲೆ ಹೋಗಿ ಕೆಳಗಿಳೀತು. ಉಪ್ಪಿನ ಡಬ್ಬಿ ಕಡೆ ಬಟ್ಟು ಮಾಡಿದ್ಲು, ಇನ್ನಷ್ಟು ಹಾಕು ಅಂತ. ಹಾಕಿದೆ. ಆಮ್ಯಾಲೆ ಚಮಚಾ ತಾನ ಕಸಗೊಂಡ್ಲು. ಎದಿ ಮ್ಯಾಲೆ ಚೆಲ್ಲಿಕೋತ, ತಡದು ತಡದು, ಬಟ್ಟಲ ತಳಾ ಕಾಣೂತನಕ ಉಂಡ್ಲು. ನಾ ನೆಲದ ಮ್ಯಾಲೆ ಕುಂತು ಚೆಲ್ಲಿದ್ದ ಸಾರು ಒರಸಿದೆ.

ಮನಿಗೆ ಬಂದು ನಿಮ್ಮ ಅಜ್ಜಾರಿಗೆ ಅಂದೆ, "ಇವತ್ತ ತತ್ತಿ ಒಡದೆ." ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ರು. ಬೈತಾರಂತ ಮಾಡಿದ್ದೆ. ಅಲ್ಲಿಂದನ ಕೇಳಿದ್ರು, "ಮುದುಕಿ ಉಂಡ್ಲೇನು?"

ಉಂಡ್ಲು ಅಂದೆ. "ಹಂಗಾರ ಆತು" ಅಂದ್ರು.

ಶುಕ್ರವಾರ ತೂಕ ಏನ್ ಏರಿರಲಿಲ್ಲ, ಒಂದು ಬಟ್ಟಲ ಸಾರಿಗೆ ಎಲ್ಲಿಂದ ಏರಬೇಕು. ಆದ್ರ ತಾನ ಚಮಚಾ ಹಿಡದ್ಲು ಅಂತ ಕೇಳಿ ಡಾಕ್ಟರು ಟ್ಯೂಬಿನ ಮಾತು ಮುಂದಕ್ಕ ಹಾಕಿದ್ರು, ಮುಂದ ಅದು ಬರಲೇ ಇಲ್ಲ. ಅಕಿ ತನ್ನ ಮನ್ಯಾಗ ಇದ್ದು, ಟೊಮ್ಯಾಟೊದಾಗ ಅಕ್ಕಿ ತುಂಬೂದು, ಪಾಲಕ್ಕಿನ ಪದರ ಕಡಬು, ಎಲ್ಲಾ ಒಂದ ಕೈಲೆ ನನ್ನ ಕಡಿಂದ ಮಾಡಿಸಿ ಉಂಡು, ತನ್ನ ಹಾಸಿಗ್ಯಾಗ ಕಣ್ಣು ಮುಚ್ಚಿದ್ಲು. ನಾ ಇವತ್ತಿಗೂ ತತ್ತಿ ತಿಂದಿಲ್ಲ. ಆದ್ರ ಉಣ್ಣಿಸೂಮುಂದ ಉಣ್ಣಾವ್ರ ನಾಲಿಗಿ ಕೇಳಬೇಕೋ, ನಮ್ಮದಲ್ಲ. ಏಳ್ರಿನ್ನ ಎಲ್ಲಾರೂ, ಕೈ ತೊಳಕೊಳ್ರಿ, ಊಟದ ಹೊತ್ತಾತು.