ಹರಿಯುವ ಮುಂಚೆ ಓದುವ ಹೆಸರು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು, ಯಾವುದೋ ಕಾರ್ಖಾನೆಯ ದಾಖಲೆ ಕೋಣೆಯವರು. ಹಿರಿಯಾಕೆ ಅಂದೇ ನಿವೃತ್ತರಾಗಿದ್ದರು. ಕಿರಿಯಳು ಅವರ ಚೀಲ ಹಿಡಿದಿದ್ದಳು.

“ಅಕ್ಕಾ, ಹೆಸರು ಗಟ್ಟಿಯಾಗಿ ಓದೋದನ್ನ ತೆಗೆದುಹಾಕು ಅಂತಾರೆ ಸಾಹೇಬರು. ಪಾಲಿಸಿಯಲ್ಲಿ ಇಲ್ವಂತೆ.”

“ಪಾಲಿಸಿಯಲ್ಲಿ ಯಾಕಿರುತ್ತೆ? ಕೆಲಸ ಬಿಟ್ಟು ಹತ್ತು ವರ್ಷ ಆದವರ ಫೈಲು ಹರೀಬೇಕು, ಅದು ಪಾಲಿಸಿ. ಹರಿಯೋ ಮುಂಚೆ ಒಬ್ಬರು ಹೆಸರು ಓದ್ಬೇಕು, ಇನ್ನೊಬ್ಬರು ಕೇಳ್ಬೇಕು, ಅದು ಪ್ರೊಸೀಜರ್.”

“ಎರಡು ದಿನ ಹಿಡಿಯುತ್ತೆ, ಭಜನೆ ಮಾಡ್ತೀರಾ ಅಂತ ನಗ್ತಾರೆ.”

“ನಗ್ಲಿ ಬಿಡು. ಬಾಯ್ಲರ್ ನೋಡ್ಕೊಳ್ಳೋ ಅಣ್ಣನ ಫೈಲು ತಪ್ಪಿ ಹರಿಯೋ ರಾಶಿಗೆ ಬಂದಿತ್ತಲ್ಲ, ನಾನು ಓದಿದಾಗ ತಾನೆ ‘ಅಯ್ಯೋ, ಅವರು ಕೆಳಗಡೆ ಕೆಲಸ ಮಾಡ್ತಿದಾರೆ’ ಅಂತ ನೀನು ಕೂಗಿದ್ದು? ಕಣ್ಣು ಜಾರುತ್ತೆ ಕಣೇ, ಕಿವಿ ಹಿಡ್ಕೊಳ್ಳುತ್ತೆ.”

ಪದ್ಯಗಳನ್ನು ಕಿವಿಯಿಂದಲೇ ಕಲಿತ ನನಗೆ ಆ ಮಾತನ್ನು ದೇವರೇ ಆಡಿಸಿದಂತಿತ್ತು.

“ಸರಿ, ಜಗಳ ಆಡಿಯಾದ್ರೂ ಉಳಿಸ್ಕೋತೀನಿ. ಆದ್ರೆ ಇನ್ಮೇಲೆ ನಾನು ಓದಿದ್ರೆ ಕೇಳೋರು ಯಾರಕ್ಕ?”

“ಫೋನ್ ಮಾಡು. ಮನೇಲಿ ತರಕಾರಿ ಹೆಚ್ಚುತ್ತಾ ಕೇಳ್ತೀನಿ.”

“ಹೊರಗಿನವರಿಗೆ ಫೈಲಿನ ವಿಷಯ ಹೇಳೋ ಹಾಗಿಲ್ಲಕ್ಕ. ಅದು ಪಾಲಿಸಿ.”



“ಹೌದಲ್ವಾ. ಈಗ ನಾನು ಹೊರಗಿನವಳು.”

“ಅಕ್ಕಾ, ನಾನು ಹಾಗಲ್ಲ…”

“ಅಳಬೇಡ ಕಣೇ, ಹುಚ್ಚಿ. ಸರಿಯಾಗೇ ಹೇಳಿದೆ. ಆ ಕೋಣೇನ ನಿನ್ನ ಕೈಗೆ ಬಿಟ್ಟು ಹೋಗೋಕೆ ನಂಗೀಗ ಧೈರ್ಯ ಬಂತು.”

ಬಸ್ಸು ಬಂತು. ಕಿರಿಯಳು ಮೂಗು ಒರೆಸಿಕೊಳ್ಳುತ್ತ ಅವರ ತೋಳು ಹಿಡಿದು ಹತ್ತಿಸಿ, ತಾನೂ ಹತ್ತಿದಳು.