ನಾಯಕರನ್ನು ತಯಾರಿಸುವ ಶಾಲೆ

ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಕುಮಟೆಯ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಪಕ್ಕದ ಕಟ್ಟೆಯ ಮೇಲೆ ಬೇಲೆಕೇರಿಯ ಇಬ್ಬರು ಮೀನು ಮಾರುವ ಹೆಂಗಸರು ಖಾಲಿ ಬುಟ್ಟಿಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಹಿರಿಯಳು ಕೇಳಿದಳು:

“ಗಂಗೂ, ಆ ಮಿಲಿಟರಿ ಶಾಲೆ ವಿಚಾರ್ಸಿದ್ಯನೆ? ನಿನ್ನ ಮಗಳು ಚಂದನಾನ ತಕಂತ್ರಂತಾ?”

“ವಿಚಾರ್ಸಿದೆ ಅಕ್ಕಾ. ಗಂಡುಹುಡುಗ್ರಿಗೆ ಮಾತ್ರ ಅಂತೆ. ಅಲ್ಲಿ ನಾಯಕರನ್ನ ತಯಾರು ಮಾಡ್ತ್ರಂತೆ.”

“ಓಹೋ! ನಿಂಗೆ ಜ್ವರ ಬಂದಾಗ ಕಡಲ ದಂಡೆಲಿ ಬಂಗಡೆ ಮೀನು ಹರಾಜು ಕೂಗಿದ್ದು ಯಾವ ನಾಯಕ? ಮೀಸೆ ಹೊತ್ತ ದಲಾಲಿಗಳೆಲ್ಲ ಆ ಹುಡುಗಿ ಹೇಳಿದ ದರಕ್ಕೇ ಒಪ್ಪಿದ್ರು.”

“ಅದ್ನೂ ಹೇಳ್ದೆ. ಶಾಲೆ ಸಾಹೇಬ್ರು ನಕ್ಕು, ಮನೆಲಿ ಗಂಡುಹುಡುಗ ಇಲ್ವಾ ಕೇಳಿದ್ರು.”

“ಇದ್ನಲೆ, ನಿನ್ನ ಮಗ ಸಂದೇಶ! ಅಂಗಳದ ಕೋಳಿ ಓಡ್ಸೂಕೂ ಅಕ್ಕನ್ನೇ ಕೂಗ್ತ. ಹುಟ್ಟು ನಾಯಕ!”

“ನಗಬೇಡ ಅಕ್ಕಾ. ಎಸ್‌ಟಿಡಿ ಬೂತಿಂದ ನಮ್ಮನೆಯವ್ರಿಗೆ ಫೋನ್ ಮಾಡ್ದೆ. ಹಂಗಾದ್ರೆ ಅವನನ್ನೇ ಪರೀಕ್ಷೆಗೆ ಕೂರ್ಸು ಅಂದ್ರು.”

“ಮಗ್ಗಿ ಬರೂದಿಲ್ಲ ಅವಂಗೆ. ಪಾಠ ಯಾರು ಹೇಳ್ಕೊಡ್ತ್ರು?”

ಗಂಗೂ ಬುಟ್ಟಿ ಹೊರಲು ತಲೆಗಿಟ್ಟ ಬಟ್ಟೆಯ ಸಿಂಬಿಯನ್ನು ಬಿಚ್ಚಿ ಮತ್ತೆ ಸುತ್ತಿದಳು.

“ಮತ್ಯಾರು? ಚಂದನಾನೇ.”

ಅಂಕೋಲೆಯ ಬಸ್ಸು ಬಂತು. ಹಿರಿಯಳು ಬುಟ್ಟಿ ಎತ್ತಿಕೊಂಡಳು.

“ಏಳು. ಬಾಗ್ಲಲ್ಲೇ ಕಾಯ್ತಿರ್ತದೆ ಹುಡುಗಿ.”

“ನೀನೂ ಮನೆವರೆಗೆ ಬಾ ಅಕ್ಕಾ. ಮೊದಲ ಮಾತು ನೀನೇ ಹೇಳು.”

“ಎಂತ ಹೇಳ್ಲಿ? ಶಾಲೆ ಸಿಕ್ಲಿಲ್ಲ, ಅದೇ ಶಾಲೆಗೆ ತಮ್ಮನ್ನ ತಯಾರು ಮಾಡೂ ಕೆಲ್ಸ ಸಿಕ್ತು ಅಂತಾ?”

ಗಂಗೂ ತನ್ನ ಬುಟ್ಟಿ ಎತ್ತಿಕೊಂಡು ಬಸ್ಸು ಹತ್ತಿದಳು.