ಅತ್ತೆಯವರ ರೋಮಾಪುರಿ

ಅಲ್ಲ, ರಿಪೇರಿ ಮಾಡಬೇಡಿ ಅಂತ ನಾನೆಲ್ಲಿ ಹೇಳಿದೆ? ಆಫ್ ಮಾಡಬೇಡಿ ಅಂದೆ. ಎರಡೂ ಬೇರೆ ಬೇರೆ.

ಯಾಕೆ ನಗ್ತೀರಿ? ಓಡೋ ಬಸ್ಸಿನ ಚಕ್ರ ಬದಲಾಯಿಸಿ ಅಂದ ಹಾಗಾಯ್ತು ಅಂತಲಾ? ಹಾಗೇ ಅಂದುಕೊಳ್ಳಿ. ನಿಮ್ಮ ಅಂಗಡಿಗೆ ಫೋನ್ ಮಾಡಿದಾಗಲೇ ಹೇಳಿದ್ದೆ. ಕಂಪ್ಯೂಟರಿನ ಫ್ಯಾನ್ ಗೊರಗೊರ ಅಂತಿದೆ, ಮುಟ್ಟಿದರೆ ಕೈ ಸುಡುತ್ತೆ, ಫ್ಯಾನ್ ಬದಲಾಯಿಸಬೇಕು, ಆದರೆ ಆಫ್ ಮಾಡೋ ಹಾಗಿಲ್ಲ ಅಂತ. ನಿಮ್ಮ ಮಾಲೀಕರು ಹೂಂ ಅಂದ್ರು. ಮಾಲೀಕರು ಎಲ್ಲದಕ್ಕೂ ಹೂಂ ಅಂತಾರೆ, ನನಗೆ ಗೊತ್ತು. ನಾನೂ ಅಂಗಡಿಯಲ್ಲೇ ಕೆಲಸ ಮಾಡೋದು, ಕನ್ನಡಕದ ಅಂಗಡಿ. ನಾಳೆಯೇ ಕೊಡ್ತೀವಿ ಅಂತ ಮುಂದೆ ಅವರು ಹೂಂ ಅಂತಾರೆ. ಹಿಂದುಗಡೆ ಗಾಜು ಉಜ್ಜುತ್ತಾ ನಾನು ಕೂತಿರ್ತೀನಿ.

ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದು ನಮ್ಮ ಅತ್ತೆಯವರದ್ದು. ಕೂರಬಾರದು ಅಂತಲ್ಲ... ಎತ್ತರ ಹೊಂದಿಸಿಟ್ಟಿದ್ದಾರೆ. ಈ ಸ್ಟೂಲ್ ತಗೊಳ್ಳಿ.

ಪರದೆ ಮೇಲಿರೋದಾ? ಊರು. ರೋಮಿನ ಕಾಲದ್ದು. ಆಟ ಅದು, ಊರು ಕಟ್ಟೋ ಆಟ. ನನ್ನದಲ್ಲ, ಅತ್ತೆಯವರದ್ದು. ನೋಡಿ, ಮತ್ತೆ ನಗ್ತಿದ್ದೀರಿ. ಎಲ್ಲರೂ ಇಲ್ಲೇ ನಗೋದು. ಗ್ಯಾಸ್ ಸಿಲಿಂಡರ್ ತಂದವರೂ ನಕ್ಕರು.

ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು ಅವರು. ನಿವೃತ್ತಿ ಆದ ಮೇಲೆ ಆಳೋದಕ್ಕೆ ಯಾರೂ ಸಿಗಲಿಲ್ಲ. ನಾನೊಬ್ಬಳಿದ್ದೆ. ಆದರೆ ನಾನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರೋಳು, ಪೂರ್ತಿ ಹೊತ್ತಿನ ಪ್ರಜೆ ಅಲ್ಲ. ಅಷ್ಟರಲ್ಲಿ ನಮ್ಮನೆಯವರ ಶಾಲೆಯಲ್ಲಿ ಹಳೇ ಕಂಪ್ಯೂಟರ್‌ಗಳನ್ನ ಹೊರಗೆ ಹಾಕಿದ್ರು, ಇವರು ಒಂದನ್ನ ಹೊತ್ತು ತಂದ್ರು. ಅದರಲ್ಲಿ ಈ ಆಟ ಇತ್ತು. ಅತ್ತೆಯವರು ಇಸ್ಪೀಟು ಅಂದುಕೊಂಡು ಒತ್ತಿದ್ರು. ಮಧ್ಯಾಹ್ನ ಊಟಕ್ಕೆ ಕರೆದರೆ, ತಡಿ, ಜನ ನೀರಿಲ್ಲದೆ ಕೂತಿದ್ದಾರೆ ಅಂದ್ರು. ನಮ್ಮ ಅಡುಗೆಮನೆ ನಲ್ಲಿ ಆಗ ಎರಡು ವರ್ಷದಿಂದ ಸೋರ್ತಿತ್ತು. ಅದು ಈಗಲೂ ಸೋರುತ್ತೆ. ರೋಮಿನಲ್ಲಿ ಮಾತ್ರ ಬೀದಿಗೊಂದು ಕಾರಂಜಿ.

ಬಿಚ್ಚಿ, ಬಿಚ್ಚಿ. ಪಕ್ಕದ ಮುಚ್ಚಳ ಬಿಚ್ಚೋದಕ್ಕೆ ತೊಂದರೆ ಇಲ್ಲ. ಆ ಸ್ಕ್ರೂನ ಯಾಕೆ ಅಷ್ಟು ದೂರ ಹಿಡಿದು ನೋಡ್ತೀರಿ? ನಿಮ್ಮ ಕನ್ನಡಕದ ನಂಬರ್ ಹಳೇದಾಗಿದೆ. ಬಿಡುವಾದಾಗ ಅಂಗಡಿಗೆ ಬನ್ನಿ.

ಫೋನಾ? ಬಿಡಿ, ನಂದೇ ಅದು. ಬಡ್ಕೊಳ್ಳಲಿ. ನಮ್ಮನೆಯವರು ಮಾಡ್ತಿರೋದು, ಆಮೇಲೆ ಮಾತಾಡ್ತೀನಿ.

ಏನು ಹೇಳ್ತಿದ್ದೆ... ಹಾಂ, ಆಟ. ಸುಲಭ ಅಲ್ಲ ಅದು. ಮೊದಲು ಬರೀ ಡೇರೆಗಳು ಇರ್ತವೆ. ನೀರು ಕೊಟ್ಟರೆ ಡೇರೆ ಗುಡಿಸಲಾಗುತ್ತೆ. ಸಂತೆ, ಶಾಲೆ, ಸ್ನಾನದ ಮನೆ, ವೈದ್ಯ, ದೇವಸ್ಥಾನ, ಒಂದೊಂದೇ ಕೊಡ್ತಾ ಹೋದರೆ ಹೆಂಚಿನ ಮನೆ, ಅದರ ಮೇಲೆ ಮಹಡಿ. ಯಾವುದಾದರೂ ಒಂದು ನಿಂತರೆ ಮತ್ತೆ ಗುಡಿಸಲು. ಮನೆ ಮೇಲೆ ಒತ್ತಿದರೆ ಏನು ಕಡಿಮೆ ಅಂತ ಮನೆಯೇ ಹೇಳುತ್ತೆ. ಎಣ್ಣೆ ಬಂದಿಲ್ಲ, ನಾಟಕ ನೋಡಿ ಬಹಳ ದಿನ ಆಯ್ತು, ಪಕ್ಕದ ಕುಂಬಾರರ ಗಲಾಟೆ. ಎಲ್ಲದಕ್ಕೂ ಒಂದು ದೂರು. ಅತ್ತೆಯವರಿಗೆ ಅದು ಬಹಳ ಹಿಡಿಸಿತು. ಹಾಸ್ಟೆಲ್ ನೆನಪಾಗುತ್ತೆ ಅಂದ್ರು.

ಈ ಇರುವೆ ಥರ ಇರೋರೆಲ್ಲ ಜನ. ಎಲ್ಲರಿಗೂ ಅವರೇ ಹೆಸರಿಟ್ಟಿದ್ದಾರೆ. ಇವನು ಸುತ್ತಿಗೆ. ಇವನು ಬೀದಿಯಲ್ಲಿ ಸುಮ್ಮನೆ ನಡೆದು ಹೋದರೆ ಸಾಕು, ಆ ಬೀದಿಯ ಕಟ್ಟಡ ಬೀಳಲ್ಲ. ಇವನು ಬಕೆಟ್. ಇವನು ನಡೆದು ಹೋದ ಕಡೆ ಬೆಂಕಿ ಬೀಳಲ್ಲ. ಊಟ ಹಂಚೋ ಈ ಬುಟ್ಟಿಯವಳಿಗೆ ಹೆಸರು ನಾದಿನಿ. ಯಾಕೆ ಅಂದ್ರೆ, ಕೂಡುರಸ್ತೆಗೆ ಬಂದರೆ ಅವಳು ಯಾವಾಗಲೂ ಬಲಕ್ಕೇ ತಿರುಗೋದು, ಬೇಕಾದವರ ಬೀದಿಗೆ. ಎಡಗಡೆಯವರು ಊಟ ಇಲ್ಲದೆ ಮನೆ ಸಮೇತ ಗುಡಿಸಲಿಗೆ ಇಳೀತಾರೆ. ಎಡಕ್ಕೆ ಹೋಗೇ, ಎಡಕ್ಕೆ ಹೋಗೇ ಅಂತ ಅತ್ತೆಯವರು ಹಗಲೆಲ್ಲ ಕೂಗ್ತಿದ್ರು. ಒಂದು ಸಲ ನಾನು ಅಡುಗೆಮನೆಯಲ್ಲಿ ಬೆಚ್ಚಿ ಎಡಕ್ಕೆ ಹೋದೆ.

ನಗಿ ಪರವಾಗಿಲ್ಲ. ಈಗ ಇಲ್ಲಿ ನಗೋರು ಕಡಿಮೆ.

ಅತ್ತೆಯವರಾ? ತಂಗಿ ಮನೆಗೆ ಹೋಗಿದ್ದಾರೆ. ಹೋದ ತಿಂಗಳು ಹೋದ್ರು. ಬರ್ತಾರೆ. ಮೊನ್ನೆ ನೋಡಿಕೊಂಡು ಬಂದೆ. ಸಂಜೆ ಒಂದು ಗಂಟೆ ಮಾತ್ರ ಒಳಗೆ ಬಿಡ್ತಾರೆ, ಅದೂ ಒಬ್ಬೊಬ್ಬರನ್ನೇ, ಚಪ್ಪಲಿ ಹೊರಗೆ ಬಿಟ್ಟು...

ಹೌದು, ತಂಗಿ ಮನೆ. ಆ ಮನೆಯಲ್ಲಿ ಶಿಸ್ತು ಸ್ವಲ್ಪ ಜಾಸ್ತಿ. ಇಡೀ ವಂಶವೇ ಹಾಗೆ.

ನೀರು ಕೊಡ್ಲಾ? ಬೇಡ್ವಾ. ಸರಿ.

ನಿಮಗೆ ವಿಷಯ ಪೂರ್ತಿ ಹೇಳಿಬಿಡ್ತೀನಿ, ಆಗ ಆಫ್ ಮಾಡೋಣ ಅಂತ ಮತ್ತೆ ಮತ್ತೆ ಕೇಳಲ್ಲ ನೀವು. ಹೊರಡೋ ದಿನ ಅವರು ಇಲ್ಲಿ ಆಡ್ತಾ ಕೂತಿದ್ರು. ನೋಡಿ, ಇಲ್ಲಿ, ಪರದೆಯ ಈ ಮೂಲೆ. ಕೆಂಪಗೆ ಕಾಣುತ್ತಲ್ಲ, ಅದು ಬೆಂಕಿ. ಈ ಮನೆಗೆ ಬೆಂಕಿ ಬಿದ್ದಿತ್ತು. ಬಕೆಟ್ ಓಡಿ ಬರ್ತಿದ್ದಾನೆ, ಒಂದು ಕಾಲು ಮೇಲಿದೆ ನೋಡಿ. ಅಷ್ಟರಲ್ಲಿ ತಲೆ ಒಂಥರಾ ಆಗ್ತಿದೆ ಅಂದ್ರು. ನನಗೆ ನಲ್ಲಿ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಹೊರಗೆ ಬಂದು ನೋಡಿದರೆ ಗೋಡೆ ಹಿಡಿದುಕೊಂಡು ಕೋಣೆಗೆ ಹೋಗ್ತಿದ್ರು. ಮುಟ್ಟಬೇಡ, ಬಂದೆ ಅಂದ್ರು. ಅಷ್ಟೇ.

ನಾನು ಮುಟ್ಟಿಲ್ಲ. ಧೂಳೂ ಒರೆಸಿಲ್ಲ, ಒರೆಸೋವಾಗ ಯಾವುದಾದರೂ ಗುಂಡಿ ಒತ್ತಿದರೆ ಕಷ್ಟ. ಈ ಆಟದಲ್ಲಿ ನಿಲ್ಲಿಸಿಡೋ ಗುಂಡಿ ಒಂದಿದೆಯಂತೆ. ಒತ್ತಿದರೆ ಇಡೀ ಊರು ಇದ್ದಲ್ಲೇ ನಿಲ್ಲುತ್ತೆ. ಬೆಂಕಿ ಹರಡಲ್ಲ, ಜನ ಸಾಯಲ್ಲ. ಅದನ್ನ ಒತ್ತಿ ಹೋಗಿದ್ದಾರೆ. ಆದರೆ ಸೇವ್ ಮಾಡಿ ಉಳಿಸಿಟ್ಟು ಹೋಗಿಲ್ಲ ಅಂತ ನಮ್ಮನೆಯವರು ಹೇಳಿದ್ರು. ಆಫ್ ಮಾಡಿದರೆ ಹೋಯ್ತು. ಮೊನ್ನೆ ಕರೆಂಟ್ ಹೋದಾಗ ಕೆಳಗಿರೋ ಆ ಯುಪಿಎಸ್ ಬ್ಯಾಟರಿ ಕೂಗಿಕೊಳ್ತಾ ಇತ್ತು, ನಾನು ಪಕ್ಕದಲ್ಲೇ ಕೂತಿದ್ದೆ. ಕೂತು ಏನು ಮಾಡ್ತಿದ್ದೆ ಅಂತ ಕೇಳಬೇಡಿ. ಸುಮ್ಮನೆ ಕೂತಿದ್ದೆ.

ಏನು ನೋಡ್ತಿದ್ದೀರಿ? ಈ ಉರೀತಿರೋದರ ಪಕ್ಕದ್ದಾ? ಮೂಲೆ ಮನೆ, ಮುಂದೆ ತೋಟ, ಹಿಂದೆ ನಾಟಕಶಾಲೆ, ಕುಂಬಾರರಿಂದ ದೂರ. ಅದು ನನ್ನದು. ಅಂದ್ರೆ ಅತ್ತೆಯವರು ಹಾಗಂದಿದ್ರು. ಒಂದಿನ ಕಾಫಿ ತಂದಿಟ್ಟಾಗ, ತಿರುಗಿ ನೋಡದೇನೇ, ಈ ಮನೆ ನಿಂದು ಅಂದ್ರು. ಯಾಕೆ ಅಂತ ಕೇಳಿದೆ. ಒತ್ತಿದಾಗಲೆಲ್ಲ ಏನೂ ಕಡಿಮೆ ಇಲ್ಲ ಅಂತಲೇ ಹೇಳುತ್ತೆ, ನಿನ್ನ ಹಾಗೆ ಅಂದ್ರು. ಹೊಗಳಿದ್ರೋ ಬೈದ್ರೋ ಗೊತ್ತಾಗಲಿಲ್ಲ. ಅವರದ್ದು ಯಾವಾಗಲೂ ಹಾಗೇ. ಆಮೇಲೆ ಆ ಮನೆ ಮುಂದೆ ಒಂದು ಪ್ರತಿಮೆ ನಿಲ್ಲಿಸಿದ್ರು. ಯಾರದ್ದು ಅಂತ ನಾನು ಕೇಳಲಿಲ್ಲ.

ಮತ್ತೆ ಫೋನು. ತಿರುಗಿಸಿಟ್ಟರೂ ಮೇಜೆಲ್ಲ ನಡುಗುತ್ತೆ. ನೀವು ಕೆಲಸ ನೋಡಿ.

ನಮ್ಮನೆಯವರದ್ದು ಏನಂದ್ರೆ, ಇವತ್ತು ಒಂದು ವಿಷಯ ಹೇಳಬೇಕು ಅಲ್ಲಿ, ಹೂಂ ಅಥವಾ ಉಹೂಂ. ಅವರ ಕೈಲಿ ಆಗಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡೋ ಮೇಷ್ಟ್ರು, ಮನೆಯಲ್ಲಿ ಬಾಯಿ ಬಿಡಲ್ಲ. ನನ್ನ ನಿಜವಾದ ನಾದಿನಿನೂ ನೀವೇ ಹೇಳಿಬಿಡಿ ಅತ್ತಿಗೆ ಅಂದ್ಲು. ನೋಡಿ, ಈ ಮನೆಗೆ ಬಂದಾಗಿನಿಂದ ಕಿಟಕಿಯ ಪರದೆ ಯಾವ ಬಣ್ಣದ್ದು ಇರಲಿ ಅಂತ ಯಾರೂ ನನ್ನ ಕೇಳಿಲ್ಲ. ಪಲ್ಯಕ್ಕೆ ಏನು ಹೆಚ್ಚಲಿ ಅಂತ ನಾನು ಕೇಳ್ತಿದ್ದೆ, ಅವರು ಹೇಳ್ತಿದ್ರು. ಈಗ ಎಲ್ಲರೂ ಸಾಲಾಗಿ ಕೂತು, ನೀನು ಹೇಳಿದ ಹಾಗೆ ಅಂತಿದ್ದಾರೆ. ನಾನು, ಇವತ್ತು ಬರೋಕಾಗಲ್ಲ, ಕಂಪ್ಯೂಟರ್ ರಿಪೇರಿಯವರು ಬರ್ತಾರೆ ಅಂದೆ. ಸುಳ್ಳಲ್ಲವಲ್ಲ. ಬಂದಿದ್ದೀರಿ.

ಏನು ವಿಷಯ ಅಂತಲಾ... ಏನೋ ಮನೆ ವಿಷಯ.

ಯಾಕೆ ಕೆಲಸ ನಿಲ್ಲಿಸಿದ್ರಿ? ಮೌಸ್ ಅಲ್ಲಾಡಿಸಿದರೂ ಪರದೆ ಮೇಲಿನ ಬಾಣ ಅಲ್ಲಾಡ್ತಿಲ್ವಾ? ಅಲ್ಲಾಡಬಾರದು. ನಿಲ್ಲಿಸಿಟ್ಟಿದ್ದಾರೆ ಅಂದೆನಲ್ಲ. ...ಊರು ನಿಂತರೂ ಬಾಣ ಅಲ್ಲಾಡಬೇಕಾ? ನನಗದು ಗೊತ್ತಿಲ್ಲ, ನಾನು ಮುಟ್ಟಿಲ್ಲ.

ಹಾಂ, ಪರದೆ ಯಾವಾಗಲೂ ಹೀಗೇ ಉರೀತಿರುತ್ತೆ. ಮೊದಲಾದರೆ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಕಪ್ಪಾಗ್ತಿತ್ತು. ಅವರು ಹೋದ ಮೇಲೆ ಒಂದು ಸಲವೂ ಕಪ್ಪಾಗಿಲ್ಲ. ನಾನು ಒಳ್ಳೇದೇ ಆಯ್ತು ಅಂದುಕೊಂಡೆ.

ಅದ್ಯಾವ ಗುಂಡಿ ನೀವು ಒತ್ತಿದ್ದು? ಮುಟ್ಟಬೇಡಿ ಅಂದೆನಲ್ಲ. ...ದೀಪಾನಾ? ಯಾವ ದೀಪ? ಕೀಬೋರ್ಡಿನ ಮೂಲೆಯ ಈ ಚಿಕ್ಕ ಹಸಿರು ದೀಪ? ಒತ್ತಿದರೆ ಆರಬೇಕು, ಮತ್ತೆ ಒತ್ತಿದರೆ ಹತ್ತಬೇಕು, ಸರಿ. ಒತ್ತಿ ಹಾಗಾದ್ರೆ.

ಆರಲಿಲ್ಲ. ಇನ್ನೊಂದು ಸಲ ಒತ್ತಿ.

ಸರಿಯಾಗಿ ಒತ್ತಿ, ಧೂಳು ಕೂತಿರುತ್ತೆ.

ಏನಾದ್ರೂ ಹೇಳಿ.

ನೀವು ಹೀಗೆ ಸುಮ್ಮನಿರಬೇಡಿ. ಅಲ್ಲೂ ಒಬ್ಬರು ಹೀಗೇ ಮಾಡಿದ್ರು. ಚಿಕ್ಕ ಟಾರ್ಚು, ಪೆನ್ನಿನಷ್ಟು. ರೆಪ್ಪೆ ಎತ್ತಿ ಬೆಳಕು ಬಿಟ್ಟರು, ತೆಗೆದರು, ಮತ್ತೆ ಬಿಟ್ಟರು. ಆ ಕಣ್ಣಿಗೂ ಹಾಗೇ. ಆಮೇಲೆ ಟಾರ್ಚನ್ನ ಜೇಬಿಗೆ ಸಿಕ್ಕಿಸಿಕೊಂಡು ನಿಂತರು. ಈಗ ನೀವು ಸ್ಕ್ರೂಡ್ರೈವರನ್ನ ಜೇಬಿಗೆ ಹಾಕಿಕೊಂಡ್ರಲ್ಲ, ಹಾಗೇ.

ತಂಗಿ ಮನೆ ಅಲ್ಲ ಅದು. ಅವರಿಗೆ ತಂಗಿಯೇ ಇಲ್ಲ. ಆಸ್ಪತ್ರೆ.

ನಿಮಗೆ ಆಗಲೇ ಗೊತ್ತಾಗಿತ್ತು ಅಲ್ವಾ? ಚಪ್ಪಲಿ ಹೊರಗೆ ಬಿಡೋ ವಿಷಯ ಹೇಳಿದಾಗಲೇ. ಗೊತ್ತಾಗಿಯೂ ಕೆದಕಲಿಲ್ಲ, ನೀರು ಬೇಡ ಅಂದ್ರಿ ಅಷ್ಟೇ. ಒಳ್ಳೆಯವರು ನೀವು.

ಎದೆ ಏರುತ್ತೆ, ಇಳಿಯುತ್ತೆ. ಕೈ ಬಿಸಿ ಇದೆ. ನೋಡಿದವರು ಮಲಗಿದ್ದಾರೆ ಅಂತಲೇ ಅಂದುಕೊಳ್ತಾರೆ. ನಮ್ಮನೆಯವರು ಹಾಗೇ ಅಂದುಕೊಂಡಿದ್ದಾರೆ, ಅಮ್ಮ ನಾಳೆ ಏಳ್ತಾರೆ ಅಂತ. ಅದನ್ನೆಲ್ಲ ಯಂತ್ರ ಮಾಡಿಸ್ತಿದೆ, ಅದನ್ನ ನಿಲ್ಲಿಸೋದಾ ನೀವೇ ಹೇಳಿ ಅಂತ ಡಾಕ್ಟರು ವಾರದಿಂದ ಮೆತ್ತಗೆ ಹೇಳ್ತಾ ಇದ್ದಾರೆ. ಪಾಪ, ಅವರು ಅಷ್ಟು ಮೆತ್ತಗೆ ಹೇಳಬೇಕಾಗಿರಲಿಲ್ಲ. ನನ್ನದು ಕಣ್ಣಿನ ಕೆಲಸ. ಬೆಳಕು ಬಿಟ್ಟಾಗ ಕರಿಗುಡ್ಡೆ ಕುಗ್ಗದಿದ್ದರೆ ಏನು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಆವತ್ತೇ ನೋಡಿದೆ. ನೋಡಿ ಮನೆಗೆ ಬಂದು ಈ ಬ್ಯಾಟರಿಗೆ ದೊಡ್ಡ ಬ್ಯಾಟರಿ ಜೋಡಿಸಿದೆ.

ಹಾಗಾದ್ರೆ ಇದು ನಿಲ್ಲಿಸಿಟ್ಟಿದ್ದಲ್ಲ. ಕಂಪ್ಯೂಟರೇ ಹ್ಯಾಂಗ್ ಆಗಿ ಹಾಗೇ ನಿಂತುಹೋಗಿದೆ. ಯಾವಾಗಿನಿಂದ? ...ಅವರು ಕುರ್ಚಿಯಿಂದ ಎದ್ದಾಗಿನಿಂದಲೂ ಇರಬಹುದು. ಆಮೇಲೆ ಆಗಿದ್ದರೂ ಆಗಿರಬಹುದು. ಯಾರಿಗೆ ಗೊತ್ತು ಅಂತೀರಾ? ಸರಿ. ಇಷ್ಟು ದಿನ ಈ ಗೊರಗೊರ ಸದ್ದು ಬರೀ ಫ್ಯಾನಿನದ್ದು.

ಹಳೇದು ಏನಾದ್ರೂ ಉಳಿದಿರುತ್ತಾ? ಮೊದಲು ಯಾವಾಗಲಾದರೂ ಉಳಿಸಿದ್ದರೆ ಇರುತ್ತೆ. ನೋಡೋಣ ಅಂತೀರಿ. ಈಗ ಬೇಡ. ಈಗ ಬರೀ ಫ್ಯಾನ್ ಹಾಕಿ. ಆ ಊರು ಎಲ್ಲಿವರೆಗೆ ಇದೆ ಅಂತ ಇನ್ನೊಂದು ದಿನ ನೋಡಿಕೊಳ್ತೀನಿ. ಡೇರೆಗಳೇ ಇದ್ದರೂ ಪರವಾಗಿಲ್ಲ. ನೀರು ಕೊಟ್ಟರೆ ಗುಡಿಸಲಾಗುತ್ತೆ, ಅಷ್ಟು ಗೊತ್ತಿದೆ ನನಗೆ.

ಯಾವುದು ಒತ್ತಬೇಕು ಇದನ್ನ ಆರಿಸೋದಕ್ಕೆ? ಇದಾ, ಮುಂದಿರೋದು? ಒತ್ತಿ ಹಿಡಿದುಕೊಂಡೇ ಇರಬೇಕಾ? ನೀವು ಬೇಡ, ಪಕ್ಕಕ್ಕೆ ಬನ್ನಿ. ನಾನೇ ಹಿಡೀತೀನಿ. ಮುಟ್ಟಬೇಡ ಅಂತ ಹೇಳಿದ್ದು ನನಗೆ.

ಬಕೆಟ್ ನನ್ನ ಮನೆಗೆ ಬೆಂಕಿ ತಾಗೋಕೆ ಮೊದಲೇ ತಲುಪಿದ ಅಂತ ಇಟ್ಟುಕೊಳ್ಳೋಣ. ಏನಂತೀರಿ? ಒಂದೇ ಹೆಜ್ಜೆ ಇತ್ತು.

ಬಿಡಬಾರದಾ ಇನ್ನೂ?

ಹೋಯ್ತು.

ನೋಡಿ, ನಲ್ಲಿ ಸೋರೋದು ಈಗ ಕೇಳಿಸುತ್ತೆ.

ಆ ಫೋನ್ ಇತ್ತ ಕೊಡಿ, ಮತ್ತೆ ನಡುಗ್ತಿದೆ. ನಿಮ್ಮ ಕೆಲಸ ಆದ ಮೇಲೆ ಬಾಗಿಲು ಎಳ್ಕೊಂಡು ಹೋಗಿ, ಅದು ತಾನೇ ಹಾಕಿಕೊಳ್ಳುತ್ತೆ. ಆ ಕುರ್ಚಿಯಲ್ಲೇ ಕೂತ್ಕೊಳ್ಳಿ ಬೇಕಾದರೆ, ಸ್ಟೂಲಿನಲ್ಲಿ ಬೆನ್ನು ಹಿಡಿಯುತ್ತೆ.

ಹಲೋ. ಹೂಂ, ನಾನೇ. ಇಲ್ಲ, ಅಳ್ತಿಲ್ಲ. ಏನೂ ಆಗಿಲ್ಲ... ಅಲ್ಲ, ಆಗಿದೆ. ಆಗಿದೆ, ಅಲ್ಲಿಗೆ ಬಂದು ಹೇಳ್ತೀನಿ. ಹೂಂ ಅಂತ ಹೇಳಿ ಡಾಕ್ಟರಿಗೆ. ಬೇಡ, ನೀವು ಹೇಳಬೇಡಿ, ನಾನೇ ಹೇಳ್ತೀನಿ. ಅಲ್ಲೀವರೆಗೆ ಯಾರೂ ಏನೂ ಮುಟ್ಟಬೇಡಿ.

ಬಂದೆ.